ಅಂತರ ಬೆಳೆಯಿತು, ಪಾಲು ಬೆಳೆಯಲಿಲ್ಲ: ಗುಂಪು ಪ್ರೈಮರಿಯ ಲೆಕ್ಕ

2022ರ ಜೂನ್ 28ರಂದು ಶಿಕಾಗೋದ ಏಳನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ, ನಡೆಯಿತು. ಕಾಲು ಶತಮಾನದಿಂದ ಆ ಸೀಟಿನಲ್ಲಿದ್ದ ಡ್ಯಾನಿ ಡೇವಿಸ್ ಅವರಿಗೆ ಸುಮಾರು ಶೇ 52 ಮತ ಬಿತ್ತು. ಎದುರಾಳಿ ಕಿನಾ ಕಾಲಿನ್ಸ್ ಅವರಿಗೆ ಶೇ 46ರ ಹತ್ತಿರ. ಮೂರನೆಯವರಿಗೆ ಉಳಿದ ಚೂರುಪಾರು. ನೋಡಿದವರಿಗೆ ಇದು ಕೂದಲೆಳೆಯಲ್ಲಿ ಪಾರಾದ ಹಾಗೆ ಕಂಡಿತು.

ಎರಡು ವರ್ಷದ ನಂತರ, 2024ರ ಮಾರ್ಚ್ 19ರಂದು, ಅದೇ ಡೇವಿಸ್ ಮತ್ತೆ ನಿಂತರು. ಈ ಸಲ ಎದುರಿಗೆ ನಾಲ್ಕು ಜನ. ಡೇವಿಸ್ ಅವರಿಗೆ ಬಿದ್ದದ್ದು ಮತ್ತೆ ಸುಮಾರು ಶೇ 52. ಆದರೆ ಎರಡನೇ ಸ್ಥಾನದಲ್ಲಿದ್ದವರಿಗೆ ಸಿಕ್ಕಿದ್ದು ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಆರು ಅಂಕದ ಅಂತರ ಹೆಚ್ಚುಕಡಿಮೆ ಮೂವತ್ತಕ್ಕೆ ಜಿಗಿಯಿತು. ಈಗ ಅದೇ ಫಲಿತಾಂಶ ಭರ್ಜರಿ ಗೆಲುವಿನ ಹಾಗೆ ಕಂಡಿತು.

ಎರಡೂ ಸಲ ಅವರನ್ನು ಬೇಕು ಅಂದವರ ಪ್ರಮಾಣ ಒಂದೇ. ಬೇಡ ಅಂದವರ ಪ್ರಮಾಣವೂ ಒಂದೇ. ಬದಲಾಗಿದ್ದು ಒಂದೇ ವಿಷಯ: ಬೇಡ ಅಂದವರ ಮತ ಒಂದು ಬುಟ್ಟಿಗೆ ಬಿತ್ತೋ, ನಾಲ್ಕು ಬುಟ್ಟಿಗೆ ಬಿತ್ತೋ ಎನ್ನುವುದು.

ಅಮೆರಿಕದಲ್ಲಿ ಈಗ ಹಿರಿಯ ಸಂಸದರ ವಿರುದ್ಧ ಅವರ ಪಕ್ಷದವರೇ ಸಾಲುಗಟ್ಟಿ ನಿಲ್ಲುತ್ತಿದ್ದಾರೆ. ಒಬ್ಬರ ಮೇಲೆ ಮೂವರು, ನಾಲ್ವರು, ಕೆಲವು ಕಡೆ ಇನ್ನೂ ಜಾಸ್ತಿ. ಸುದ್ದಿ ಓದಿದವರಿಗೆ 'ಪಾಪ, ಇವರ ಕಥೆ ಮುಗಿಯಿತು' ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಹಳಬರಿಗೆ ನಿಜವಾಗಿ ಭಯ ಹುಟ್ಟಬೇಕಾದದ್ದು ಎದುರಾಳಿ ಒಬ್ಬರೇ ಇದ್ದಾಗ. ಗುಂಪು ಇದ್ದಾಗ ಅವರು ಸ್ವಲ್ಪ ನಿರಾಳವಾಗಿ ನಿದ್ದೆ ಮಾಡಬಹುದು.

ಪ್ರೈಮರಿ ಅಂದರೆ ನಮಗೆ ಅಷ್ಟು ಪರಿಚಯವಿಲ್ಲದ ವ್ಯವಸ್ಥೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನಿಸುತ್ತದೆ. ಬಿ ಫಾರ್ಮ್ ಯಾರ ಕೈಗೆ ಬಂತೋ ಅವರು ಅಭ್ಯರ್ಥಿ. 2023ರಲ್ಲಿ ಆರು ಸಲ ಗೆದ್ದಿದ್ದ ಜಗದೀಶ ಶೆಟ್ಟರ್ ಅವರಿಗೆ ಹುಬ್ಬಳ್ಳಿಯಲ್ಲಿ ಬಿಜೆಪಿ ಟಿಕೆಟ್ ಕೊಡಲಿಲ್ಲ. ಆ ತೀರ್ಮಾನದಲ್ಲಿ ಆ ಕ್ಷೇತ್ರದ ಮತದಾರರಿಗೆ ಪಾತ್ರವೇ ಇರಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಪಕ್ಷದ ಅಭ್ಯರ್ಥಿ ಯಾರು ಅಂತ ಸಾಮಾನ್ಯ ಮತದಾರರೇ ಮೊದಲು ಒಂದು ಚುನಾವಣೆಯಲ್ಲಿ ಆರಿಸುತ್ತಾರೆ. ಹಾಲಿ ಸಂಸದರೂ ಪ್ರತಿ ಎರಡು ವರ್ಷಕ್ಕೊಮ್ಮೆ ಈ ಬಾಗಿಲು ದಾಟಿಯೇ ಬರಬೇಕು. ನಿಗದಿಯಾದಷ್ಟು ಸಹಿ ಸಂಗ್ರಹಿಸಿದ ಯಾರು ಬೇಕಾದರೂ ಅವರಿಗೆ ಎದುರು ನಿಲ್ಲಬಹುದು. ಪಕ್ಷದ ದೊಡ್ಡವರು ಬೇಡ ಅಂದರೂ ತಡೆಯುವ ಹಾಗಿಲ್ಲ.

ಶಿಕಾಗೋದ ಏಳನೇ ಕ್ಷೇತ್ರದಂಥ ಕಡೆ ಈ ಬಾಗಿಲೇ ಎಲ್ಲ. ನವೆಂಬರ್‌ನ ಅಸಲಿ ಚುನಾವಣೆಯಲ್ಲಿ ಅಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಗೆ ಶೇ 80ಕ್ಕೂ ಹೆಚ್ಚು ಮತ ಬೀಳುವುದುಂಟು. ಅಂದರೆ ಪ್ರೈಮರಿ ಗೆದ್ದವರೇ ಸಂಸದರು. ಆದರೆ ಆ ಪ್ರೈಮರಿಗೆ ಬರುವವರು ಎಷ್ಟು ಜನ? ಕ್ಷೇತ್ರದ ಜನಸಂಖ್ಯೆ ಸುಮಾರು ಏಳೂವರೆ ಲಕ್ಷ. 2022ರ ಆ ಪೈಪೋಟಿಯಲ್ಲಿ ಮತ ಹಾಕಿದವರು ಸುಮಾರು 75 ಸಾವಿರ. ಹತ್ತರಲ್ಲಿ ಒಬ್ಬರು. ಡೇವಿಸ್ ಮತ್ತು ಕಾಲಿನ್ಸ್ ನಡುವೆ ಇದ್ದದ್ದು ಐದು ಸಾವಿರಕ್ಕಿಂತ ಕಡಿಮೆ ಮತ. ಒಂದೆರಡು ಬಡಾವಣೆ ಆಚೀಚೆ ಆಗಿದ್ದರೆ ಫಲಿತಾಂಶವೇ ಬೇರೆ ಆಗುತ್ತಿತ್ತು.

ಡೇವಿಸ್ ಅವರ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಯಾಕೆಂದರೆ ಅವರು ಈ ಆಟದ ಎಲ್ಲ ಮನೆಗಳಲ್ಲೂ ಕೂತು ಎದ್ದವರು.

1941ರಲ್ಲಿ ಅರ್ಕನ್ಸಾದ ಪಾರ್ಕ್‌ಡೇಲ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದರು. ದಕ್ಷಿಣದ ಲಕ್ಷಾಂತರ ಕಪ್ಪು ಜನರ ಹಾಗೆ ಅವರೂ ಉತ್ತರಕ್ಕೆ, ಶಿಕಾಗೋಗೆ ಬಂದರು. ಪಾಠ ಹೇಳಿದರು. 1979ರಲ್ಲಿ ವೆಸ್ಟ್ ಸೈಡ್‌ನಿಂದ ನಗರಸಭೆಗೆ ಹೋದರು. ಶಿಕಾಗೋದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ ಅವರ ಜೊತೆ ನಿಂತರು. ಗಂಭೀರವಾದ ದೊಡ್ಡ ದನಿ ಅವರ ಗುರುತು. ಅವರ ಮಾತು ಒಮ್ಮೆ ಕೇಳಿದವರು ಮರೆಯುವುದಿಲ್ಲ.

1984ರಲ್ಲಿ ಅವರು ಏಳನೇ ಕ್ಷೇತ್ರದ ಪ್ರೈಮರಿಗೆ ನಿಂತರು. ಆಗ ಆ ಸೀಟು ಕಾರ್ಡಿಸ್ ಕಾಲಿನ್ಸ್ ಅವರದು. ಆಕೆ 1973ರಿಂದ ಅಲ್ಲಿದ್ದರು. (ಕಿನಾ ಕಾಲಿನ್ಸ್ ಬೇರೆ, ಗೊಂದಲ ಬೇಡ.) ಡೇವಿಸ್ ಸೋತರು. 1986ರಲ್ಲಿ ಮತ್ತೆ ನಿಂತು ಮತ್ತೆ ಸೋತರು. ತಳವೂರಿದ ಸಂಸದರನ್ನು ಅವರ ಪಕ್ಷದವರೇ ಆಗಿ ಎದುರಿಸುವುದು ಎಷ್ಟು ಕಷ್ಟ ಅಂತ ಡೇವಿಸ್ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ. ಕಡೆಗೆ 1996ರಲ್ಲಿ ಕಾರ್ಡಿಸ್ ಕಾಲಿನ್ಸ್ ತಾವಾಗಿಯೇ ನಿವೃತ್ತಿ ಹೇಳಿದರು. ಸೀಟು ಖಾಲಿ ಆಯಿತು. ಹತ್ತು ಜನ ನುಗ್ಗಿದರು. ಅದರಲ್ಲಿ ಡೇವಿಸ್ ಗೆದ್ದದ್ದು ಸುಮಾರು ಶೇ 33 ಮತದಿಂದ. ಮೂರರಲ್ಲಿ ಇಬ್ಬರು ಬೇರೆಯವರಿಗೆ ಹಾಕಿದ್ದರು. ಆದರೆ ಆ ಇಬ್ಬರ ಮತ ಒಂಬತ್ತು ಹೋಳಾಗಿತ್ತು.

ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸೀಟು ಅಲುಗಲಿಲ್ಲ. 2020ರಲ್ಲಿ ಮೂವರು ಎದುರು ನಿಂತರು. ಮೂವರಿಗೂ ಶೇ 13–14ರ ಹಾಗೆ ಸಮಸಮನಾಗಿ ಮತ ಹಂಚಿಹೋಯಿತು. ಡೇವಿಸ್ ಅವರಿಗೆ ಶೇ 60. ಅವತ್ತು ಯಾರೂ ಅದನ್ನು ಸುದ್ದಿ ಅಂತ ಪರಿಗಣಿಸಲಿಲ್ಲ. ಆದರೆ ಇಷ್ಟು ವರ್ಷ ಸೇವೆ ಮಾಡಿದ ಸಂಸದರನ್ನು ಅವರ ಪಕ್ಷದ ಮತದಾರರಲ್ಲೇ ಶೇ 40 ಮಂದಿ ಬೇಡ ಅಂದಿದ್ದರು. ಆ ಅಸಮಾಧಾನ ಮೂರು ಕಡೆ ಚೆದುರಿದ್ದರಿಂದ ಕಣ್ಣಿಗೆ ಬೀಳಲಿಲ್ಲ ಅಷ್ಟೆ.

2022ರಲ್ಲಿ ಆ ಮೂವರಲ್ಲಿ ಒಬ್ಬರಾದ ಕಿನಾ ಕಾಲಿನ್ಸ್ ಮತ್ತೆ ಬಂದರು. ಆಸ್ಟಿನ್ ಬಡಾವಣೆಯ ಯುವತಿ, ಬಂದೂಕು ಹಿಂಸೆಯ ವಿರುದ್ಧ ಕೆಲಸ ಮಾಡಿದವರು. ಈ ಸಲ ಕಣ ಹೆಚ್ಚುಕಡಿಮೆ ಇಬ್ಬರದೇ ಆಗಿತ್ತು. ಜಸ್ಟೀಸ್ ಡೆಮಾಕ್ರಾಟ್ಸ್ ಎಂಬ ಎಡಪಂಥೀಯ ಗುಂಪು ಕಾಲಿನ್ಸ್ ಬೆನ್ನಿಗೆ ನಿಂತಿತು. ಕೊನೆಯ ದಿನಗಳಲ್ಲಿ ಅಧ್ಯಕ್ಷ ಜೋ ಬೈಡನ್ ಡೇವಿಸ್ ಅವರಿಗೆ ಬೆಂಬಲ ಘೋಷಿಸಿದರು. ಸುರಕ್ಷಿತ ಸೀಟಿನ ಹಿರಿಯ ಸಂಸದರೊಬ್ಬರ ಪ್ರೈಮರಿಗೆ ಅಧ್ಯಕ್ಷರೇ ಬಾಯಿ ಬಿಡಬೇಕಾಗಿ ಬಂತು ಅಂದರೆ ಒಳಗೆ ಎಷ್ಟು ಆತಂಕ ಇತ್ತು ಅಂತ ಊಹಿಸಬಹುದು.

ಸರಿ, ಶೇ 46 ಬಂತು. ಮುಂದಿನ ಸಲ ಇನ್ನೊಂದು ನೂಕು ನೂಕಿದರೆ ಆಯಿತು ಅಲ್ವಾ? ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದೇ ಇಲ್ಲಿ ನಿಜವಾಗಿ ತಿಳಿಯಬೇಕಾದ ವಿಷಯ.

ಆ ಶೇ 46 ಕಾಲಿನ್ಸ್ ಒಬ್ಬರಿಗೇ ಕಾಣಿಸಲಿಲ್ಲ. ಊರಿಗೆಲ್ಲ ಕಾಣಿಸಿತು. ಹಳೆಯ ಮರ ಟೊಳ್ಳಾಗಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಅಲ್ಲಿಯವರೆಗೆ ಸುಮ್ಮನಿದ್ದ ದೊಡ್ಡವರೂ ಎದ್ದು ಬಂದರು. ಶಿಕಾಗೋ ನಗರದ ಖಜಾಂಚಿ ಮೆಲಿಸ್ಸಾ ಕಾನ್ಯರ್ಸ್-ಅರ್ವಿನ್ ಬಂದರು. ಆಕೆಯ ಪತಿ ವೆಸ್ಟ್ ಸೈಡ್‌ನ ನಗರಸಭಾ ಸದಸ್ಯರು. ಶಿಕ್ಷಕರ ಯೂನಿಯನ್ ಆಕೆಯ ಕಡೆ ನಿಂತಿತು. ನಿಖಿಲ್ ಭಾಟಿಯಾ ಬಂದರು, ಕೌರಿ ಮಾರ್ಷಲ್ ಬಂದರು. ಕಾಲಿನ್ಸ್ ಅಂತೂ ಇದ್ದೇ ಇದ್ದರು. ದೌರ್ಬಲ್ಯ ಕಂಡಿತು ಅಂತಲೇ ಗುಂಪು ಸೇರಿತು. ಗುಂಪು ಸೇರಿದ್ದರಿಂದಲೇ ಆ ದೌರ್ಬಲ್ಯ ಮುಚ್ಚಿಹೋಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. 2024ರಲ್ಲಿ ಡೇವಿಸ್ ಅರ್ಧಕ್ಕಿಂತ ಹೆಚ್ಚು ಮತ ಪಡೆದರು. ಉಳಿದ ನಾಲ್ವರ ಮತ ಕೂಡಿಸಿದರೂ ಅವರನ್ನು ದಾಟುತ್ತಿರಲಿಲ್ಲ. ಹಾಗಾಗಿ ಮತ ಹಂಚಿಹೋದದ್ದೇ ಅವರ ಗೆಲುವಿಗೆ ಕಾರಣ ಅಂತ ಕಡ್ಡಿ ಮುರಿದಂತೆ ಹೇಳಲು ಬರುವುದಿಲ್ಲ. ಆದರೆ ಗುಂಪಿನ ಪರಿಣಾಮ ಮತ ಎಣಿಕೆಯ ದಿನ ಮಾತ್ರ ಆಗುವಂಥದ್ದಲ್ಲ. ಅದು ತಿಂಗಳುಗಳ ಮೊದಲೇ ಶುರುವಾಗಿರುತ್ತದೆ.

ದುಡ್ಡು ಕೊಡುವವರು ಕಾಯುತ್ತಾರೆ. ನಾಲ್ವರಲ್ಲಿ ಯಾರು ಮೇಲೆ ಬರುತ್ತಾರೋ ನೋಡೋಣ ಅಂತ ಕೈ ಬಿಗಿ ಹಿಡಿಯುತ್ತಾರೆ. ಒಂದು ಯೂನಿಯನ್ ಒಬ್ಬರಿಗೆ, ಇನ್ನೊಂದು ಸಂಘಟನೆ ಇನ್ನೊಬ್ಬರಿಗೆ ಬೆಂಬಲ ಕೊಡುತ್ತದೆ. ಸವಾಲು ಹಾಕಿದವರು ತಮ್ಮಲ್ಲೇ ಜಗಳ ಶುರು ಮಾಡುತ್ತಾರೆ, ಯಾಕೆಂದರೆ ಮೊದಲು 'ನಾನೇ ಎರಡನೆಯವಳು' ಅಂತ ತೋರಿಸಬೇಕು. ಹಾಲಿ ಸಂಸದರು ಮಾತ್ರ ಎಲ್ಲರಿಗಿಂತ ದೊಡ್ಡವರಾಗಿ ಸುಮ್ನೆ ನಿಂತಿರುತ್ತಾರೆ. ಮತದಾರರ ಮುಂದೆ ಇರಬೇಕಾದ ಪ್ರಶ್ನೆ 'ಇವರು ಇನ್ನೂ ಬೇಕೇ?' ಎನ್ನುವುದು. ಗುಂಪು ಇದ್ದಾಗ ಅದು 'ಇವರು ಬೇಡವಾದರೆ ಆ ನಾಲ್ವರಲ್ಲಿ ಯಾರು?' ಅಂತ ಬದಲಾಗುತ್ತದೆ. ಎರಡನೇ ಪ್ರಶ್ನೆಗೆ ಉತ್ತರ ಸಿಗದವರು ಗೊತ್ತಿರುವ ಹೆಸರಿಗೇ ಮತ ಹಾಕಿ ಮನೆಗೆ ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇನ್ನೊಂದು ವಿಷಯ. ಬೇಡ ಅನ್ನುವವರೆಲ್ಲ ಒಂದೇ ಕಾರಣಕ್ಕೆ ಬೇಡ ಅನ್ನುವುದಿಲ್ಲ. ಒಬ್ಬರಿಗೆ ವಯಸ್ಸಿನ ಚಿಂತೆ. ಒಬ್ಬರಿಗೆ ಸಂಸದರು ಸಾಕಷ್ಟು ಎಡಕ್ಕಿಲ್ಲ ಅನ್ನುವ ಸಿಟ್ಟು. ಒಬ್ಬರಿಗೆ ತಮ್ಮ ಬಡಾವಣೆಯನ್ನು ಮರೆತರು ಅನ್ನುವ ನೋವು. ಈ ಮೂವರನ್ನು ಒಂದೇ ಹೆಸರಿನ ಕೆಳಗೆ ತರುವುದು ಸುಲಭವಲ್ಲ. ನಾಲ್ವರಲ್ಲಿ ಮೂವರು ಹಿಂದೆ ಸರಿದರೆ ಅವರ ಮತವೆಲ್ಲ ಉಳಿದವರಿಗೆ ಬಂದು ಬೀಳುತ್ತದೆ ಅನ್ನುವುದು ಕಾಗದದ ಮೇಲಿನ ಲೆಕ್ಕ. ಒಂದಿಷ್ಟು ಹಳಬರಿಗೇ ಹೋಗುತ್ತದೆ. ಒಂದಿಷ್ಟು ಜನ ಮನೆಯಿಂದ ಹೊರಗೇ ಬರುವುದಿಲ್ಲ.

ಹಾಗಾದರೆ ಇಷ್ಟು ಗೊತ್ತಿದ್ದೂ ಜನ ಯಾಕೆ ಗುಂಪಾಗಿ ನಿಲ್ಲುತ್ತಾರೆ? ಯಾಕೆ ಒಬ್ಬರಿಗೊಬ್ಬರು ಜಾಗ ಬಿಡುವುದಿಲ್ಲ? ಅಹಂಕಾರ ಅಂತ ಹೇಳಿಬಿಡುವುದು ಸುಲಭ. ಅಷ್ಟೇ ಅಲ್ಲ. ಹೆಚ್ಚಿನವರ ಕಣ್ಣು ಇವತ್ತಿನ ಗೆಲುವಿನ ಮೇಲೆ ಇರುವುದೇ ಇಲ್ಲ. ಹಳಬರು ಇನ್ನೆಷ್ಟು ದಿನ ಇದ್ದಾರು? ಒಂದೋ ಎರಡೋ ಅವಧಿ. ಆಮೇಲೆ ಸೀಟು ಖಾಲಿ. ಆವತ್ತಿಗೆ ಜನರಿಗೆ ನನ್ನ ಹೆಸರು ಗೊತ್ತಿರಬೇಕು. ಸಹಿ ಸಂಗ್ರಹಿಸುವ ಹುಡುಗರ ಪಡೆ ಇರಬೇಕು. ದಾನಿಗಳ ಪಟ್ಟಿ ಇರಬೇಕು. ಸೋತರೂ ಇದೆಲ್ಲ ಕೈಯಲ್ಲಿ ಉಳಿಯುತ್ತದೆ. ಡೇವಿಸ್ ಅವರೇ 1984, 1986ರಲ್ಲಿ ಸೋತು, 1996ರಲ್ಲಿ ಅದರ ಫಲ ಉಂಡವರಲ್ಲವೇ? ಈ ದೃಷ್ಟಿಯಿಂದ ನೋಡಿದರೆ ಪ್ರತಿಯೊಬ್ಬರ ನಡೆಯೂ ಜಾಣತನದ್ದೇ. ಎಲ್ಲರ ಜಾಣತನ ಕೂಡಿದಾಗ ಸಿಗುವ ಫಲಿತಾಂಶ ಮಾತ್ರ ಬದಲಾವಣೆ ಬಯಸುವ ಮತದಾರರಿಗೆ ಅನ್ಯಾಯವಾಗಿರುತ್ತದೆ. ನನಗೆ ಬೇಸರ ಆಗುವುದು ಇಲ್ಲೇ.

ಇದನ್ನು ಪರೀಕ್ಷೆ ಮಾಡಿ ನೋಡಲು ಒಂದು ಒಳ್ಳೆಯ ದಿನ ಸಿಗುತ್ತದೆ: 2020ರ ಜೂನ್ 23. ನ್ಯೂಯಾರ್ಕ್‌ನಲ್ಲಿ ಒಂದೇ ದಿನ, ಪಕ್ಕಪಕ್ಕದ ಊರುಗಳಲ್ಲಿ, ಇಬ್ಬರು ಹಿರಿಯ ಸಂಸದರು ಪ್ರೈಮರಿ ಎದುರಿಸಿದರು.

ಒಬ್ಬರು ಎಲಿಯಟ್ ಎಂಗಲ್. ಬ್ರಾಂಕ್ಸ್ ಮತ್ತು ವೆಸ್ಟ್‌ಚೆಸ್ಟರ್ ಭಾಗದವರು. 1989ರಿಂದ ಸಂಸದರು, ವಿದೇಶಾಂಗ ಸಮಿತಿಯ ಅಧ್ಯಕ್ಷರು. ಎದುರಿಗೆ ಬ್ರಾಂಕ್ಸ್‌ನ ಮಾಧ್ಯಮಿಕ ಶಾಲೆಯೊಂದರ ಪ್ರಾಂಶುಪಾಲರಾಗಿದ್ದ ಜಮಾಲ್ ಬೋಮನ್. ಅದೇ ಎಡಪಂಥೀಯ ಮತಗಳಿಗೆ ಕೈ ಚಾಚಿದ್ದ ಇನ್ನೊಬ್ಬ ಶಿಕ್ಷಕ ಆಂಡಮ್ ಗೆಬ್ರೆಗಿಯೊರ್ಗಿಸ್. ಚುನಾವಣೆಗೆ ಮೂರು ವಾರ ಇರುವಾಗ ಗೆಬ್ರೆಗಿಯೊರ್ಗಿಸ್ ಕಣದಿಂದ ಸರಿದು ಬೋಮನ್‌ಗೆ ಬೆಂಬಲ ಕೊಟ್ಟರು. ಅದೇ ಹೊತ್ತಿಗೆ ಎಂಗಲ್ ಒಂದು ಎಡವಟ್ಟು ಮಾಡಿಕೊಂಡರು. ಬ್ರಾಂಕ್ಸ್‌ನ ಒಂದು ಸುದ್ದಿಗೋಷ್ಠಿಯಲ್ಲಿ ಮಾತಾಡಲು ಅವಕಾಶ ಕೇಳುತ್ತಾ, ಪ್ರೈಮರಿ ಇಲ್ಲದಿದ್ದರೆ ನನಗೆ ಇದು ಬೇಕಿರಲಿಲ್ಲ ಎನ್ನುವ ಅರ್ಥದ ಮಾತಾಡಿದರು. ಮೈಕ್ ಆನ್ ಇತ್ತು. ಊರೆಲ್ಲ ಕೇಳಿತು. ಬೋಮನ್ ದೊಡ್ಡ ಅಂತರದಲ್ಲಿ ಗೆದ್ದರು.

ಇನ್ನೊಬ್ಬರು ಕ್ಯಾರೊಲಿನ್ ಮಲೋನಿ. ಮ್ಯಾನ್‌ಹಟನ್‌ನ ಪೂರ್ವ ಭಾಗದವರು. 1993ರಿಂದ ಸಂಸದೆ. ಎದುರಿಗೆ ಮೂವರು: ಭಾರತೀಯ ಮೂಲದ ಸೂರಜ್ ಪಟೇಲ್, ಲಾರೆನ್ ಆಶ್‌ಕ್ರಾಫ್ಟ್, ಪೀಟರ್ ಹ್ಯಾರಿಸನ್. ಯಾರೂ ಸರಿಯಲಿಲ್ಲ. ಅಂಚೆ ಮತಗಳ ಎಣಿಕೆ ವಾರಗಟ್ಟಲೆ ಎಳೆಯಿತು. ಕಡೆಗೆ ಮಲೋನಿಗೆ ಸುಮಾರು ಶೇ 43, ಪಟೇಲ್‌ಗೆ ಶೇ 39. ಉಳಿದಿಬ್ಬರು ಸೇರಿ ಶೇ 17ಕ್ಕೂ ಹೆಚ್ಚು ತೆಗೆದುಕೊಂಡಿದ್ದರು. ಹೆಚ್ಚಿನ ಮತದಾರರು ಬೇಡ ಅಂದ ಸಂಸದೆ ಉಳಿದುಕೊಂಡರು.

ಒಂದೇ ದಿನ, ಒಂದೇ ಪಕ್ಷ, ಒಂದೇ ರಾಜ್ಯದ ಕಾಯ್ದೆ. ಒಂದು ಕಡೆ ಒಬ್ಬರು ಜಾಗ ಬಿಟ್ಟರು, ಇನ್ನೊಂದು ಕಡೆ ಬಿಡಲಿಲ್ಲ. ಫಲಿತಾಂಶಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಆ ಶೇ 17ನ್ನು ಕಣ್ಣು ತಪ್ಪಿಸಿ ಮುಂದೆ ಹೋಗಲು ನನಗೆ ಆಗುವುದಿಲ್ಲ. ಇದಕ್ಕೆ ಎರಡು ವರ್ಷ ಮೊದಲು ಅದೇ ಊರಿನಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಹತ್ತು ಅವಧಿಯ ಜೋ ಕ್ರೌಲಿಯವರನ್ನು ಸೋಲಿಸಿದ್ದು ನೆನಪಿರಬಹುದು. ಅದು ಒಬ್ಬರಿಗೊಬ್ಬರ ಕಣ. 2018ರಲ್ಲೇ ಬಾಸ್ಟನ್‌ನಲ್ಲಿ ಅಯಾನಾ ಪ್ರೆಸ್ಲಿ ಮೈಕ್ ಕಪುವಾನೊ ಅವರನ್ನು ಸೋಲಿಸಿದ್ದೂ ಒಬ್ಬರಿಗೊಬ್ಬರು ನಿಂತಾಗಲೇ. ಬೋಮನ್ ಕೂಡ 2024ರಲ್ಲಿ ಸೀಟು ಕಳೆದುಕೊಂಡಾಗ ಎದುರಿಗೆ ಇದ್ದವರು ಜಾರ್ಜ್ ಲ್ಯಾಟಿಮರ್ ಒಬ್ಬರೇ. ಅವರ ಪರವಾಗಿ ಹೊರಗಿನಿಂದ ಸುರಿದ ಕೋಟಿಗಟ್ಟಲೆ ಡಾಲರ್ ಒಂದೇ ಹೆಸರಿನ ಹಿಂದೆ ಬಂದಿತ್ತು. 2024ರಲ್ಲಿ ಇಡೀ ಅಮೆರಿಕದಲ್ಲಿ ಪ್ರೈಮರಿ ಸೋತ ಹಾಲಿ ಹೌಸ್ (ಸಂಸತ್ತಿನ ಕೆಳಮನೆ) ಸದಸ್ಯರು ಬರೀ ನಾಲ್ವರು. ಅದರಲ್ಲೂ ಒಬ್ಬರು ಕ್ಷೇತ್ರ ಮರುವಿಂಗಡಣೆಯಿಂದ ಇನ್ನೊಬ್ಬ ಹಾಲಿ ಸದಸ್ಯರ ಜೊತೆಗೇ ಸೆಣಸಬೇಕಾಗಿ ಬಂದವರು.

ಈ ಲೆಕ್ಕ ಎಲ್ಲ ರಾಜ್ಯದಲ್ಲೂ ಒಂದೇ ಅಲ್ಲ. ಇಲಿನಾಯ್, ನ್ಯೂಯಾರ್ಕ್, ಮಿಶಿಗನ್‌ಗಳಲ್ಲಿ ಹೆಚ್ಚು ಮತ ಪಡೆದವರು ಗೆದ್ದರು, ಅಷ್ಟೆ. ಅದು ಶೇ 25 ಆಗಿದ್ದರೂ ಸರಿ. ನಮ್ಮ ವಿಧಾನಸಭೆ ಚುನಾವಣೆಯಲ್ಲಿ ತ್ರಿಕೋನ ಸ್ಪರ್ಧೆ ಆದರೆ ಏನಾಗುತ್ತದೋ ಅದೇ. ಜಾರ್ಜಿಯಾ, ಟೆಕ್ಸಾಸ್‌ಗಳಲ್ಲಿ ಹಾಗಲ್ಲ. ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಯುತ್ತದೆ. ಅಲ್ಲಿ ಗುಂಪು ಹಳಬರಿಗೆ ನಿಜವಾಗಿಯೂ ಅಪಾಯ. ಎಲ್ಲರೂ ಸೇರಿ ಅವರನ್ನು ಅರ್ಧಕ್ಕಿಂತ ಕೆಳಗೆ ಎಳೆದರೆ ಸಾಕು, ಉಳಿದ ಕೆಲಸ ಎರಡನೇ ಸುತ್ತಿನಲ್ಲಿ. ಮೇನ್ ರಾಜ್ಯದಲ್ಲಿ ಮತದಾರರು ಒಂದು, ಎರಡು, ಮೂರು ಅಂತ ಕ್ರಮ ಬರೆಯುತ್ತಾರೆ. ನ್ಯೂಯಾರ್ಕ್ ನಗರದ ಸ್ಥಳೀಯ ಪ್ರೈಮರಿಗಳಲ್ಲೂ ಈಗ ಹೀಗೇ. 2025ರ ಜೂನ್‌ನಲ್ಲಿ ಮೇಯರ್ ಪ್ರೈಮರಿಗೆ ನಿಂತಿದ್ದವರು ಹನ್ನೊಂದು ಜನ. ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ 'ನನಗೆ ಒಂದು ಹಾಕಿ, ಅವರಿಗೆ ಎರಡು ಹಾಕಿ' ಅಂತ ಒಬ್ಬರಿಗೊಬ್ಬರು ಪ್ರಚಾರ ಮಾಡಿದರು. ಕೊನೆಯ ಸುತ್ತಿನಲ್ಲಿ ಮಮ್ದಾನಿ ಶೇ 56ಕ್ಕೆ ತಲುಪಿ ಆ್ಯಂಡ್ರೂ ಕ್ವೋಮೊ ಅವರನ್ನು ಸೋಲಿಸಿದರು. ಅಲ್ಲಿ ಯಾರೂ ಕಣದಿಂದ ಸರಿಯಬೇಕಾಗಿರಲಿಲ್ಲ, ಹೆಚ್ಚಿನ ಮತಗಳು ವ್ಯರ್ಥವೂ ಆಗಲಿಲ್ಲ. ಆದರೆ ಅದೇ ನಗರದಲ್ಲಿ ಕಾಂಗ್ರೆಸ್ ಪ್ರೈಮರಿಗೆ ಈ ಪದ್ಧತಿ ಇಲ್ಲ. ಪಟೇಲ್–ಮಲೋನಿ ಕಣಕ್ಕೂ ಇರಲಿಲ್ಲ.

ಕನೆಟಿಕಟ್‌ನದು ಇನ್ನೊಂದು ಬಗೆ. ಅಲ್ಲಿನ ಮೊದಲ ಕ್ಷೇತ್ರದ ಜಾನ್ ಲಾರ್ಸನ್ 1999ರಿಂದ ಸಂಸದರು. 2025ರ ಫೆಬ್ರವರಿಯಲ್ಲಿ ಸದನದಲ್ಲಿ ಮಾತಾಡುತ್ತಿರುವಾಗಲೇ ಅವರ ಮಾತು ಕೆಲ ಕ್ಷಣ ನಿಂತುಹೋಯಿತು. ಅದು ಒಂದು ಬಗೆಯ ಸೀಜರ್ (ಸೆಳವು) ಅಂತ ಆಮೇಲೆ ತಿಳಿಯಿತು. ಅದೇ ವರ್ಷ ಹಾರ್ಟ್‌ಫರ್ಡ್‌ನ ಮಾಜಿ ಮೇಯರ್ ಲ್ಯೂಕ್ ಬ್ರೋನಿನ್, ರಾಜ್ಯ ಶಾಸಕಿ ಜಿಲಿಯನ್ ಗಿಲ್‌ಕ್ರಿಸ್ಟ್, ಇನ್ನೂ ಕೆಲವರು ಎದುರು ನಿಂತರು. ಅಲ್ಲಿ ಮೊದಲು ಪಕ್ಷದ ಸಮಾವೇಶ. ಅಲ್ಲಿ ಶೇ 15 ಪ್ರತಿನಿಧಿಗಳ ಬೆಂಬಲ ಸಿಗದವರು ಪಕ್ಷದ ನೋಂದಾಯಿತ ಸದಸ್ಯರ ಶೇ 2ರಷ್ಟು ಸಹಿ ತರಬೇಕು. ಈ ಜರಡಿಯೇ ಗುಂಪನ್ನು ಸಣ್ಣದು ಮಾಡುತ್ತದೆ. ಸಮಾವೇಶದ ಬೆಂಬಲ ಸಿಕ್ಕರೆ ಗೆದ್ದ ಹಾಗೇನೂ ಅಲ್ಲ. ಇದು ಲಾರ್ಸನ್ ಅವರಿಗೇ ಗೊತ್ತು. 1994ರಲ್ಲಿ ಗವರ್ನರ್ ಹುದ್ದೆಗೆ ಪಕ್ಷದ ಸಮಾವೇಶ ಅವರನ್ನು ಆರಿಸಿತ್ತು, ಪ್ರೈಮರಿಯಲ್ಲಿ ಮತದಾರರು ಬಿಲ್ ಕರ್ರಿಯವರನ್ನು ಆರಿಸಿದರು.

ಈಗ ನಮ್ಮ ಬೆಳಗಾವಿಯ ಸಂಬಂಧ. ಡೆಟ್ರಾಯಿಟ್‌ನ ಸಂಸದ ಶ್ರೀ ಥಾಣೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬಡ ಮರಾಠಿ ಕುಟುಂಬದಲ್ಲಿ ಬೆಳೆದವರು. 2022ರಲ್ಲಿ ಮಿಶಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಜನ ನಿಂತರು. ಕಪ್ಪು ಸಮುದಾಯದ ದೊಡ್ಡ ನೆಲೆಯಾದ ಡೆಟ್ರಾಯಿಟ್‌ಗೆ ಆ ಸಮುದಾಯದ ಸಂಸದರು ಇಲ್ಲದೆ ಹೋಗಬಹುದು ಅಂತ ಅಲ್ಲಿನ ಕೆಲವು ಹಿರಿಯ ನಾಯಕರಿಗೆ ಮೊದಲೇ ಅಳುಕಿತ್ತು. ಎಲ್ಲರೂ ಒಬ್ಬರ ಹಿಂದೆ ನಿಲ್ಲೋಣ ಅಂತ ಕೂತು ಮಾತಾಡಿ ಆ್ಯಡಂ ಹೋಲಿಯರ್ ಅವರನ್ನು ಆರಿಸಿದರು. ಉಳಿದವರು ಒಪ್ಪಲಿಲ್ಲ. ಸ್ವಂತ ದುಡ್ಡು ಧಾರಾಳವಾಗಿ ಹಾಕಿದ್ದ ಥಾಣೇದಾರ್ ಸುಮಾರು ಶೇ 28 ಮತದಿಂದ ಗೆದ್ದರು. ಸುಮಾರು 70 ವರ್ಷಗಳಲ್ಲಿ ಮೊದಲ ಸಲ ಡೆಟ್ರಾಯಿಟ್‌ಗೆ ಕಪ್ಪು ಸಂಸದರು ಇಲ್ಲದಂತಾಯಿತು.

ನಮ್ಮ ಜಿಲ್ಲೆಯವರು ಗೆದ್ದರು ಅಂತ ಹೆಮ್ಮೆಪಡುವುದು ಸಹಜ. ನನಗೂ ಆ ಹೆಮ್ಮೆ ಇದೆ. ಆದರೆ ಡೆಟ್ರಾಯಿಟ್‌ನ ಒಬ್ಬ ಮತದಾರರ ಜಾಗದಲ್ಲಿ ನಿಂತು ನೋಡಿದರೆ ಅವರ ನೋವೂ ಅರ್ಥ ಆಗುತ್ತದೆ. ಥಾಣೇದಾರ್ ಹಳಬರಲ್ಲ, 2023ರಲ್ಲಿ ಸಂಸತ್ತಿಗೆ ಹೋದವರು. ಆದರೂ ಅವರ ಮುಂದಿನ ದಾರಿ ಇದೇ ಲೆಕ್ಕದ ಮೇಲೆ ನಿಂತಿದೆ. 2024ರಲ್ಲಿ ಹೋಲಿಯರ್ ಮತ್ತೆ ಎದುರಾಗಲು ಬಂದರು. ಬೇಕಾಗಿದ್ದ 1,000 ಸಹಿಗಳಲ್ಲಿ ಸರಿಯಾದವು ಕಡಿಮೆ ಬಿದ್ದು ಅವರ ಹೆಸರೇ ಮತಪತ್ರದಿಂದ ಹೊರಗಾಯಿತು. ಥಾಣೇದಾರ್ ಸುಮಾರು ಶೇ 54 ಪಡೆದರು. 2026ರ ಸುತ್ತಿಗೆ ರಾಜ್ಯ ಶಾಸಕ ಡೊನಾವನ್ ಮೆಕಿನ್ನಿ ಮತ್ತು ಹೋಲಿಯರ್ ಇಬ್ಬರೂ ಎದುರು ನಿಂತಿದ್ದರು. 2025ರಲ್ಲೇ ಹೋಲಿಯರ್ ಬೇರೆ ಹುದ್ದೆಯ ಕಡೆ ತಿರುಗಿದರು. ಒಬ್ಬ ಎದುರಾಳಿ ಕಮ್ಮಿಯಾದರೆ ಹಾಲಿ ಸಂಸದರಿಗೆ ಖುಷಿ ಆಗಬೇಕಿತ್ತು ಅಲ್ವಾ? ಈ ಲೆಕ್ಕ ಗೊತ್ತಿದ್ದವರಿಗೆ ಅದು ಖುಷಿಯ ಸುದ್ದಿ ಅಲ್ಲ.

ಹಿರಿಯರ ಮೇಲೆ ಈಗ ಇಷ್ಟು ಒತ್ತಡ ಯಾಕೆ ಅಂತಲೂ ಹೇಳಬೇಕು. 2024ರ ಜೂನ್ 27ರ ಚರ್ಚೆಯಲ್ಲಿ ಬೈಡನ್ ತಡವರಿಸಿದ್ದನ್ನು ಡೆಮಾಕ್ರಟಿಕ್ ಮತದಾರರು ಮರೆತಿಲ್ಲ. 2025ರ ಮೊದಲ ಐದು ತಿಂಗಳಲ್ಲೇ ಆ ಪಕ್ಷದ ಮೂವರು ಹೌಸ್ ಸದಸ್ಯರು ತೀರಿಕೊಂಡರು: ಸಿಲ್ವೆಸ್ಟರ್ ಟರ್ನರ್, ರೌಲ್ ಗ್ರಿಹಾಲ್ವಾ, ಜೆರ್ರಿ ಕಾನಲಿ. ಕಾನಲಿ ತೀರಿಕೊಂಡ ಮರುದಿನ, ಮೇ 22ರಂದು, ಟ್ರಂಪ್ ಅವರ ದೊಡ್ಡ ತೆರಿಗೆ ಮಸೂದೆ ಹೌಸ್‌ನಲ್ಲಿ 215–214ರಿಂದ ಪಾಸಾಯಿತು. ಒಂದೇ ಮತದ ಅಂತರ. ಮೂರು ಕುರ್ಚಿ ಖಾಲಿ ಇದ್ದವು. ಅವರು ಇದ್ದಿದ್ದರೆ ಖಂಡಿತ ಬಿದ್ದುಹೋಗುತ್ತಿತ್ತು ಅಂತ ಹೇಳಲು ಬರುವುದಿಲ್ಲ. ಆದರೆ ಆ ಸಂಖ್ಯೆ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು. ಡೇವಿಡ್ ಹಾಗ್ ಎಂಬ ಯುವ ನಾಯಕ ಸುರಕ್ಷಿತ ಸೀಟಿನ ಹಿರಿಯರ ವಿರುದ್ಧ ಹೊಸಬರನ್ನು ನಿಲ್ಲಿಸಲು 2 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಆ ವರ್ಷದ ಏಪ್ರಿಲ್‌ನಲ್ಲಿ ಘೋಷಿಸಿದ್ದರು.

ಹಿರಿಯರ ಕಡೆಯ ಮಾತೂ ಇದೆ. ಅದನ್ನು ಬಿಟ್ಟು ಹೇಳಿದರೆ ನ್ಯಾಯ ಆಗುವುದಿಲ್ಲ. ಅಮೆರಿಕದ ಸಂಸತ್ತಿನಲ್ಲಿ ಅನುಭವಕ್ಕೆ ಬೆಲೆ ಇದೆ. ಡೇವಿಸ್ ತೆರಿಗೆ ಮತ್ತು ಸಾಮಾಜಿಕ ಭದ್ರತೆಯ ಬಲಿಷ್ಠ ಸಮಿತಿಯಾದ ವೇಸ್ ಆ್ಯಂಡ್ ಮೀನ್ಸ್‌ನಲ್ಲಿ ಇದ್ದವರು. ಜೈಲಿನಿಂದ ಹೊರಬಂದವರಿಗೆ ಕೆಲಸ, ತರಬೇತಿ, ಮನೆ, ಚಿಕಿತ್ಸೆಗೆ ನೆರವು ಕೊಡುವ ಸೆಕೆಂಡ್ ಚಾನ್ಸ್ ಕಾಯ್ದೆಗಾಗಿ ವರ್ಷಗಟ್ಟಲೆ ದುಡಿದರು. 2008ರ ಏಪ್ರಿಲ್‌ನಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಅದಕ್ಕೆ ಸಹಿ ಹಾಕಿದರು. ರಿಪಬ್ಲಿಕನ್ ಅಧ್ಯಕ್ಷರಿಂದ ಆ ಸಹಿ ತರುವುದು ಹೊಸಬರಿಂದ ಆಗುವ ಕೆಲಸವಲ್ಲ. ವೆಸ್ಟ್ ಸೈಡ್‌ನ ಎಷ್ಟೋ ಮನೆಗಳಿಗೆ ಆ ಕಾಯ್ದೆಯ ಬೆಲೆ ಗೊತ್ತು. ಅವರ ಶೇ 52ರಲ್ಲಿ ಇಂಥ ನೆನಪುಗಳ ಪಾಲು ದೊಡ್ಡದು. ಅದನ್ನು ಸುಮ್ನೆ ಹಳೆಯ ಹೆಸರಿನ ಬಲ ಅಂತ ತಳ್ಳಿಹಾಕುವುದು ತಪ್ಪು.

ನಾನು ಹೇಳುವುದು ಅಂತರದ ಬಗ್ಗೆ. ಪ್ರೈಮರಿಯ ಫಲಿತಾಂಶ ನೋಡುವಾಗ ಗೆದ್ದವರಿಗೂ ಎರಡನೆಯವರಿಗೂ ಎಷ್ಟು ಅಂತರ ಅಂತ ನೋಡುವ ಅಭ್ಯಾಸ ನಮಗೆಲ್ಲ ಇದೆ. ಹಾಲಿ ಸದಸ್ಯರ ವಿಷಯದಲ್ಲಿ ನೋಡಬೇಕಾದದ್ದು ಅವರ ಪಾಲು ಎಷ್ಟು, ಅದು ಹೋದ ಸಲಕ್ಕಿಂತ ಏರಿತೇ, ಇಳಿಯಿತೇ ಅನ್ನುವುದು. ಡೇವಿಸ್ ಅವರದು 60, 52, 52. ಮೊದಲ ಇಳಿತ ಆದ ಮೇಲೆ ಅದು ಮತ್ತೆ ಮೇಲೆ ಏರಲೇ ಇಲ್ಲ. 2024ರ ಮೂವತ್ತು ಅಂಕದ ಅಂತರ ನೋಡಿ ಅವರು ಗಟ್ಟಿಯಾದರು ಅಂದುಕೊಂಡವರಿಗೆ ಈ ಸಾಲು ಕಾಣಲಿಲ್ಲ.

2025ರ ಜುಲೈ 31ರಂದು, 83ನೇ ವಯಸ್ಸಿನಲ್ಲಿ, ಡೇವಿಸ್ ಇನ್ನು ನಿಲ್ಲುವುದಿಲ್ಲ ಅಂತ ಹೇಳಿದರು. ತಮ್ಮ ಜಾಗಕ್ಕೆ ರಾಜ್ಯ ಶಾಸಕ ಲಾಶಾನ್ ಫೋರ್ಡ್ ಅವರ ಹೆಸರು ಸೂಚಿಸಿದರು. ಕಾನ್ಯರ್ಸ್-ಅರ್ವಿನ್ ಮತ್ತೆ ಬಂದರು. ಒಂದು ಕಾಲದಲ್ಲಿ ಡೇವಿಸ್ ಅವರ ಕಚೇರಿಯ ಮುಖ್ಯಸ್ಥರಾಗಿದ್ದ ರಿಚರ್ಡ್ ಬಾಯ್ಕಿನ್ ಕೂಡ ಬಂದರು. 2026ರ ಮಾರ್ಚ್ 17ರ ಪ್ರೈಮರಿಗೆ ಆ ಒಂದು ಸೀಟಿಗೆ ಹತ್ತಕ್ಕೂ ಹೆಚ್ಚು ಡೆಮಾಕ್ರಾಟರು ನಿಂತರು. 1996ರ ಹಾಗೆಯೇ. ಇಲಿನಾಯ್‌ನಲ್ಲಿ ಆಗಲೂ ಎರಡನೇ ಸುತ್ತು ಇರಲಿಲ್ಲ, ಈಗಲೂ ಇಲ್ಲ.